ಹಿಂದಿನ ಅಚ್ಚಿನ ಸದ್ದು

ಚೆಚೆಂಗಿನಲ್ಲಿ ಬೆಟ್ಟದ ಗಾಳಿ ಇಳಿಯತೊಡಗಿದರೆ ಊರಿಗೆ ಊರೇ ಕಿರುಚಿ ಮಾತಾಡುತ್ತದೆ. ಅಕ್ಟೋಬರಿನಲ್ಲಿ ಶುರುವಾದ ಗಾಳಿ ಈರುಳ್ಳಿ ಕಿತ್ತು ಮುಗಿಯುವ ಏಪ್ರಿಲ್‌ವರೆಗೂ ಹಗಲಿರುಳೆನ್ನದೆ ಬೀಸುತ್ತದೆ. ಒಗೆದು ಹಾಕಿದ ಅಂಗಿ ಪಕ್ಕದ ಮನೆಯವರ ತಂತಿಯ ಮೇಲೆ ಸಿಗುತ್ತದೆ, ಅಂಗಡಿಗಳ ತಗಡಿನ ಬಾಗಿಲು ದಿನವಿಡೀ ಬಡಿದುಕೊಳ್ಳುತ್ತದೆ. ಎಲ್ಲರೂ ಶಪಿಸುವ ಈ ಗಾಳಿಯನ್ನು ಮೆಕ್ಯಾನಿಕ್ ತು ಶುಯಿಮು ಮಾತ್ರ ಮನಸ್ಸಿನಲ್ಲೇ ಬರಮಾಡಿಕೊಳ್ಳುತ್ತಿದ್ದ. ಗಾಳಿ ಬೀಸುವಾಗ ಯಾರಿಗೂ ಏನೂ ಸರಿಯಾಗಿ ಕೇಳಿಸುವುದಿಲ್ಲ. ಶುಯಿಮುವಿಗೆ ಮೂರು ವರ್ಷದಿಂದ ಗಾಳಿಯಿಲ್ಲದಾಗಲೂ ಕೇಳಿಸುತ್ತಿರಲಿಲ್ಲ.

ಬೇರೆ ಯಾರಿಗಾದರೂ ಎಪ್ಪತ್ತೊಂದನೇ ವಯಸ್ಸಿನಲ್ಲಿ ಕಿವಿ ಮಂದವಾದರೆ ಅದೊಂದು ಸುದ್ದಿಯೇ ಅಲ್ಲ. ಆದರೆ ಶುಯಿಮು ಹೆಸರು ಮಾಡಿದ್ದೇ ಕಿವಿಯಿಂದ. ಭೂಮಿಯಜ್ಜನ ಗುಡಿಯ ಮೂಲೆಯಲ್ಲಿ ಲಾರಿ ತಿರುಗುವಾಗಲೇ, ಅಂಗಡಿಯೊಳಗೆ ಚಹಾ ಬಗ್ಗಿಸುತ್ತಾ ಕೂತಲ್ಲಿಂದಲೇ, "ಅವನ ಗೇರ್‌ಪೆಟ್ಟಿಗೆ ಇನ್ನು ಹತ್ತು ದಿನ" ಎಂದು ಹೇಳುತ್ತಿದ್ದ. ಹನ್ನೊಂದನೇ ದಿನ ಆ ಲಾರಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಬರುತ್ತಿದ್ದರು. ಹೆಂಗ್‌ಚುನ್‌ನಿಂದ ಫಾಂಗ್‌ಲಿಯಾವ್‌ವರೆಗೆ ಚಾಲಕರು ಅವನನ್ನು ಕರೆಯುತ್ತಿದ್ದದ್ದೇ 'ಕಿವಿ ಶುಯಿಮು' ಎಂದು. ಆ ಹೆಸರು ಹೊತ್ತುಕೊಂಡು, ನನಗೆ ಕಿವಿ ಕೇಳಿಸುವುದಿಲ್ಲ ಎಂದು ಹೇಳುವುದು ಹೇಗೆ?

ಹೇಳಲಿಲ್ಲ. ಬಂದವರ ತುಟಿ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಕಲಿತ. ಎಂಜಿನ್ನಿನ ಮೇಲೆ ಅಂಗೈ ಇಟ್ಟು ನಡುಕ ಎಣಿಸುವುದನ್ನು ಕಲಿತ. ಫೋನು ಬಂದರೆ ಕೈಯೆಲ್ಲ ಎಣ್ಣೆ ಎಂದು ಹೆಂಡತಿ ಅ-ಮಾನ್‌ಗೆ ಕೊಡಿಸುತ್ತಿದ್ದ. ಗಾಳಿ ನಿಂತ ಬೇಸಿಗೆಯ ತಿಂಗಳುಗಳಲ್ಲಿ, ಕೆಲಸವಿಲ್ಲದಿದ್ದರೂ ಕಂಪ್ರೆಸರ್ ಓಡಿಸಿಡುತ್ತಿದ್ದ. ಅದರ ಗಲಾಟೆಯಲ್ಲಿ ಎಲ್ಲರೂ ಅವನ ಮುಖದ ಹತ್ತಿರ ಬಂದೇ ಮಾತಾಡಬೇಕಾಗುತ್ತಿತ್ತು.

ಹೊಸ ವರ್ಷದ ಹಬ್ಬ ಮುಗಿದು ಎರಡು ವಾರವಾಗಿತ್ತು. ಒಂದು ಬುಧವಾರ ಬೆಳಿಗ್ಗೆ ಪಾನ್ ಯುಲಾನ್ ತನ್ನ ನೀಲಿ ಕಾರನ್ನು ಅಂಗಡಿಯ ಮುಂದೆ ತಂದು ನಿಲ್ಲಿಸಿದಳು. ಯುಲಾನ್ ಆ ಸೀಮೆಗೆಲ್ಲ ಸೂಲಗಿತ್ತಿಯಾಗಿದ್ದವಳು. ಅರವತ್ತನಾಲ್ಕಾದರೂ, ಸೂಲಗಿತ್ತಿ ಕೆಲಸ ಬಿಟ್ಟು ಆರು ವರ್ಷವಾದರೂ, ಜನ ಇನ್ನೂ 'ಸೂಲಮ್ಮ' ಎಂದೇ ಕರೆಯುತ್ತಿದ್ದರು. ಶುಯಿಮುವಿನ ಮಗಳನ್ನು ಈ ಲೋಕಕ್ಕೆ ಎಳೆದು ತಂದದ್ದೂ ಅವಳ ಕೈಯೇ. ಕಾರಿಗೆ ಇಪ್ಪತ್ತೊಂದು ವರ್ಷ. ಅದೇ ಕಾರಿನಲ್ಲಿ ಅವಳು ಶೌಕಾ ಘಾಟಿ ಹತ್ತಿಳಿದು ಪೂರ್ವ ಕರಾವಳಿಯ ಬೆಟ್ಟದ ಹಳ್ಳಿಗಳಿಗೆ ಹೋಗಿ ಹೆರಿಗೆ ಮಾಡಿಸಿ ಬರುತ್ತಿದ್ದಳು. ಈಗಲೂ ಶನಿವಾರಕ್ಕೊಮ್ಮೆ ಹೋಗಿ ಅಲ್ಲಿಯ ಮುದುಕಿಯರ ರಕ್ತದೊತ್ತಡ ನೋಡಿ, ಬೈದು, ಮಾತ್ರೆ ನುಂಗಿಸಿ ಬರುತ್ತಿದ್ದಳು.

ತಲೆಗೆ ಸುತ್ತಿದ ಬಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇಳಿದವಳು ನೇರ ಶುಯಿಮುವಿನ ಮುಂದೆ ಬಂದು ನಿಂತಳು.

"ಅಣ್ಣಾ, ಹಿಂದ್ಗಡೆಯಿಂದ ಯಾರೋ ಗೊಣಗ್ತಾ ಇರ್ತಾರೆ. ನನ್ನ ಗಂಡ ಹೋಗಿ ಹತ್ತು ವರ್ಷ ಆಯ್ತು, ಅವನಂತೂ ಅಲ್ಲ. ಇನ್ನೊಂದು, ಬ್ರೇಕ್ ಒತ್ತಿದ್ರೆ ಗಾಡಿ ಬಲಕ್ಕೆ ಎಳೀತದೆ. ಶೌಕಾ ಇಳಿಯೋವಾಗ ಬಲಗಡೆ ಏನಿದೆ ಗೊತ್ತಲ್ಲ ನಿನಗೆ?"

"ಕಣಿವೆ," ಎಂದ ಶುಯಿಮು. ಎದುರಿಗೆ ನಿಂತು ಹೇಳಿದ್ದರಿಂದ ಅವನಿಗೆ ಎಲ್ಲ ತಿಳಿಯಿತು.

"ಹಾಂ, ಕಣಿವೆ. ನನಗೆ ಅಷ್ಟು ಅವಸರ ಇಲ್ಲ. ಬಾ, ಕೂತ್ಕೋ. ಈ ಊರಲ್ಲಿ ಕಿವಿ ಅಂತ ಇರೋದು ನಿನಗೊಬ್ಬನಿಗೇ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಶುಯಿಮುವಿನ ಕೈ ತಾನಾಗಿ ಕಿವಿಯ ಹತ್ತಿರ ಹೋಯಿತು. ಟೋಪಿ ಸರಿಮಾಡಿಕೊಂಡವನ ಹಾಗೆ ಮಾಡಿ ಹಿಂದಿನ ಸೀಟಿಗೆ ಹತ್ತಿದ.

ಯುಲಾನ್ ಸಮುದ್ರದ ಪಕ್ಕದ ರಸ್ತೆಯಲ್ಲಿ ಎರಡು ಮೈಲಿ ಓಡಿಸಿದಳು. ಶುಯಿಮು ಸೀಟಿನ ಮೇಲೆ ಅಂಗೈ ಊರಿ ಕೂತ. ಏನೋ ನಡುಕವಿತ್ತು, ಆದರೆ ಗಾಳಿ ಪಕ್ಕದಿಂದ ಕಾರನ್ನು ತಳ್ಳುತ್ತಿತ್ತು, ರಸ್ತೆಯೂ ಕಿತ್ತುಹೋಗಿತ್ತು. ಯಾವುದು ಯಾವುದರ ನಡುಕವೆಂದು ಅವನ ಕೈಗೆ ಗೊತ್ತಾಗಲಿಲ್ಲ. ಮುಂದಿನ ಕನ್ನಡಿಯಲ್ಲಿ ಯುಲಾನಳ ತುಟಿ ಆಡಿದ್ದು ಕಂಡಿತು.

"ಕೇಳಿಸ್ತಾ?"

"ಕೇಳಿಸ್ತು."

"ಯಾವ ಕಡೆ?"

ಕಾರು ಹತ್ತುವಾಗ ಎಡಗಾಲಿಯ ಹತ್ತಿರ ಅವನಿಗೆ ಒಂದು ವಾಸನೆ ಹೊಡೆದಿತ್ತು. ಅಚ್ಚಿನೊಳಗಿನ ಹಳೆಯ ಎಣ್ಣೆಯದು, ಕೊಳೆತ ಮೊಟ್ಟೆಯಂಥದು. ಮೂಗು ಇನ್ನೂ ಅವನದಾಗಿತ್ತು.

"ಎಡಗಡೆ," ಎಂದ.

ಕಾರನ್ನು ಬಿಟ್ಟು ಯುಲಾನ್ ನಡೆದು ಹೋದ ಮೇಲೆ ಅವನು ಹಿಂಭಾಗವನ್ನು ಜಾಕಿನಿಂದೆತ್ತಿ, ಭಾರ ಹೊರುವ ಕಬ್ಬಿಣದ ಕುದುರೆಗಳ ಮೇಲೆ ಕೂರಿಸಿ ಎಡಗಾಲಿ ಬಿಚ್ಚಿದ. ಬ್ರೇಕಿನ ಡ್ರಮ್ಮು ಕಳಚುತ್ತಲೇ ವಾಸನೆ ಇಡೀ ಅಂಗಡಿ ತುಂಬಿತು. ಮೂಗಿನ ಲೆಕ್ಕ ತಪ್ಪಿರಲಿಲ್ಲ. ಅಚ್ಚಿನ ತುದಿಯ ರಬ್ಬರ್ ಸೀಲು ಸೋತು, ಒಳಗಿನ ಎಣ್ಣೆ ಬ್ರೇಕಿನ ಮೇಲೆಲ್ಲ ಹರಿದು, ಬ್ರೇಕ್ ಶೂಗಳು ಎಣ್ಣೆಯಲ್ಲಿ ಕರಿದ ಬಾಳೆಕಾಯಿಯಂತೆ ನೆನೆದುಹೋಗಿದ್ದವು. ಎಡಗಾಲಿ ಹಿಡಿಯದೆ ಬಲಗಾಲಿಯೊಂದೇ ಹಿಡಿದರೆ ಕಾರು ಬಲಕ್ಕೆ ಎಳೆಯದೆ ಇನ್ನೇನು ಮಾಡೀತು? ಸೀಲು ಯಾಕೆ ಸೋತಿತೆಂದೂ ಹುಡುಕಿದ. ಅಚ್ಚಿನ ಮೇಲೆ ಉಸಿರಾಡಲು ಒಂದು ಸಣ್ಣ ಮೂಗುತಿಯಂಥ ಮುಚ್ಚಳವಿರುತ್ತದೆ. ಕಣಜ ಒಂದು ಅದಕ್ಕೆ ಮಣ್ಣು ಮೆತ್ತಿ ಗೂಡು ಕಟ್ಟಿಬಿಟ್ಟಿತ್ತು. ಉಸಿರು ಕಟ್ಟಿದ ಅಚ್ಚು ಬಿಸಿಯೇರಿದಾಗಲೆಲ್ಲ ಎಣ್ಣೆಯನ್ನು ಸೀಲಿನ ಕಡೆಗೆ ನೂಕಿತ್ತು. ತಂತಿ ತೂರಿಸಿ ಮಣ್ಣು ಕೆದಕಿ ತೆಗೆದ. ಬಲಗಾಲಿಯನ್ನೂ ಬಿಚ್ಚಿ ನೋಡಿದ, ಅಲ್ಲಿ ಒಣಗಿತ್ತು. ಕೈಯಲ್ಲಿ ತಿರುಗಿಸಿದರೆ ನುಣ್ಣಗೆ ತಿರುಗಿತು. ಹಾಗಾದರೆ ಗೊಣಗುತ್ತಿರುವುದು ಎಡಗಡೆಯ ಬೇರಿಂಗೇ ಎಂದುಕೊಂಡ.

ಅ-ಮಾನ್ ಫಾಂಗ್‌ಲಿಯಾವ್‌ನ ಬಿಡಿಭಾಗದ ಅಂಗಡಿಗೆ ಫೋನು ಮಾಡಿದಳು. ರಿಸೀವರ್ ಹಿಡಿದುಕೊಂಡೇ ಗಂಡನ ಕಡೆ ತಿರುಗಿ, ತುಟಿ ಕಾಣುವ ಹಾಗೆ ಮುಖ ಎತ್ತಿ ಹೇಳಿದಳು. "ಸೀಲು ಇದೆಯಂತೆ, ಬ್ರೇಕ್ ಶೂ ಇದೆಯಂತೆ, ಬ್ರೇಕಿನ ಎಣ್ಣೆ ಸಿಲಿಂಡರೂ ಇದೆ. ಬೇರಿಂಗ್ ಮಾತ್ರ ಒಂದೇ ಇರೋದು. ಇನ್ನೊಂದು ಗಾವ್‌ಶ್ಯೊಂಗ್‌ನಿಂದ ಬರಬೇಕು, ತರಿಸ್ಲಾ ಅಂತ ಕೇಳ್ತಿದಾನೆ."

"ಒಂದು ಸಾಕು."

"ಯಾವಾಗ್ಲೂ ಜೋಡಿ ಹಾಕೋನು ನೀನು."

"ಎಡಗಡೇದು ಅಂತ ಹೇಳಿದೀನಲ್ಲ."

ಅ-ಮಾನ್ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಫೋನಿಗೆ, ಒಂದೇ ಸಾಕಂತೆ ಎಂದಳು. ಎರಡು ತರಿಸಿದ್ದರೆ ಕಳೆದುಕೊಳ್ಳುವುದೇನೂ ಇರಲಿಲ್ಲ ಎಂದು ಶುಯಿಮುವಿಗೂ ಗೊತ್ತಿತ್ತು. ಆದರೆ ಎರಡು ಎಂದರೆ ಅನುಮಾನವಿದೆ ಎಂದಂತೆ. ಹಳೆಯ ಶುಯಿಮುವಿಗೆ ಅನುಮಾನವೇ ಇರುತ್ತಿರಲಿಲ್ಲ.

ಸಾಮಾನುಗಳು ಸಂಜೆಯ ಬಸ್ಸಿನಲ್ಲಿ ಬಂದವು. ಗುರುವಾರ ಬೆಳಿಗ್ಗೆ ಗೆಣಸಿನ ಗಂಜಿ, ಉಪ್ಪಿನಲ್ಲಿಟ್ಟ ಬಾತುಮೊಟ್ಟೆ ತಿಂದು ಅವನು ಕೆಲಸಕ್ಕೆ ಕೂತ. ಈ ಕೆಲಸದಲ್ಲಿ ಅವನಿಗೆ ಕಿವಿ ಬೇಕಿರಲಿಲ್ಲ. ನಾಲ್ಕು ಬೋಲ್ಟು ಬಿಚ್ಚಿ, ಏಟಿನಿಂದ ಹೊರಗೆಳೆಯುವ ಜಾರುಸುತ್ತಿಗೆ ಸಿಕ್ಕಿಸಿ ಮೂರು ಏಟು ಎಳೆದ; ನಾಲ್ಕನೆಯದಕ್ಕೆ ಅಚ್ಚಿನ ಕಂಬಿ ಸಡಿಲಗೊಂಡು ಕೈಗೆ ಬಂತು. ಬೇರಿಂಗನ್ನು ಹಿಡಿದಿಟ್ಟ ಉಕ್ಕಿನ ಉಂಗುರಕ್ಕೆ ತೂತು ಕೊರೆದು, ಉಳಿ ಇಟ್ಟು ಒಂದೇ ಏಟಿಗೆ ಸೀಳಿದ. ಅಂಗೈಗೆ ಸೀಳಿದ್ದು ತಿಳಿಯಿತು. ಹೊಸದನ್ನು ಕೂರಿಸುವಾಗ ಮೊದಲು ತಗಡಿನ ಪಟ್ಟಿ, ಆಮೇಲೆ ಬೇರಿಂಗು, ಕೊನೆಗೆ ಉಂಗುರ. ಈ ಕ್ರಮ ಮರೆತು ಪಟ್ಟಿಯನ್ನು ಹೊರಗೇ ಬಿಟ್ಟವರು ಮತ್ತೆ ಎಲ್ಲವನ್ನೂ ಒಡೆಯಬೇಕಾಗುತ್ತದೆ. ಪ್ರತಿಯೊಬ್ಬ ಮೆಕ್ಯಾನಿಕ್ಕೂ ಬದುಕಿನಲ್ಲಿ ಒಮ್ಮೆ ಅದನ್ನು ಮಾಡಿಯೇ ಇರುತ್ತಾನೆ. ಉಂಗುರವನ್ನು ಒಲೆಯ ಮೇಲೆ ಒಣಹುಲ್ಲಿನ ಬಣ್ಣ ಬರುವವರೆಗೆ ಕಾಯಿಸಿ ಇಕ್ಕಳದಲ್ಲಿ ಹಿಡಿದು ಕಂಬಿಯ ಮೇಲೆ ಬಿಟ್ಟ. ಅದು ಸಲೀಸಾಗಿ ಜಾರಿ ತನ್ನ ಜಾಗ ಹಿಡಿಯಿತು. ಹೊಸ ಸೀಲಿನ ತುಟಿಗೆ ಗ್ರೀಸು ಸವರಿ, ತುಟಿ ಒಳಮುಖವಾಗಿರುವುದನ್ನು ಎರಡೆರಡು ಸಲ ನೋಡಿ, ಸುತ್ತಲೂ ಸಮನಾಗಿ ಬಡಿದು ಇಳಿಸಿದ. ಊಟದ ಹೊತ್ತಿಗೆ ಎರಡೂ ಕಡೆ ಹೊಸ ಬ್ರೇಕ್ ಶೂಗಳು, ಎಡಕ್ಕೆ ಹೊಸ ಸಿಲಿಂಡರು ಕೂತಿದ್ದವು.

ಉಳಿದದ್ದು ಬ್ರೇಕಿನ ಕೊಳವೆಯಲ್ಲಿ ಸೇರಿಕೊಂಡ ಗಾಳಿ ತೆಗೆಯುವುದು. ಅದು ಇಬ್ಬರ ಕೆಲಸ. ಒಬ್ಬರು ಒಳಗೆ ಕೂತು ಬ್ರೇಕು ತುಳಿದು ಹಿಡಿಯಬೇಕು, ಇನ್ನೊಬ್ಬರು ಗಾಲಿಯ ಹಿಂದೆ ಮಲಗಿ ತಿರುಪು ಸಡಿಲಿಸಬೇಕು. ತುಳಿದಿರುವಾಗ ಬಿಚ್ಚಿದರೆ ಗಾಳಿಗುಳ್ಳೆ ಹೊರಗೆ ಬರುತ್ತದೆ. ಕಾಲೆತ್ತಿದಾಗ ಬಿಚ್ಚಿದರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಆದ್ದರಿಂದ ಇಬ್ಬರೂ ಒಬ್ಬರಿಗೊಬ್ಬರು ಕೂಗಿ ಹೇಳಬೇಕು. ಇಷ್ಟು ವರ್ಷ ಅ-ಮಾನ್ ತುಳಿಯುತ್ತಿದ್ದಳು. ಅವಳ ಕಾಲಿನ ಲಯ ಶುಯಿಮುವಿಗೆ ಬಾಯಿಪಾಠವಾಗಿತ್ತು, ಕೇಳಿಸಬೇಕಾಗಿಯೇ ಇರಲಿಲ್ಲ. ಆದರೆ ಅವತ್ತು ಅ-ಮಾನ್ ಅಕ್ಕನ ಹೊಲದಲ್ಲಿ ಈರುಳ್ಳಿ ಕೀಳಲು ಹೋಗಿದ್ದಳು. ಕಾರಿನ ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದ ಯುಲಾನ್, "ತುಳಿಯೋದು ತಾನೆ, ನಾನೇ ತುಳೀತೀನಿ," ಎಂದು ಒಳಗೆ ಕೂತಳು.

"ಮೂರು ಸಲ ತುಳಿದು ಹಿಡಿ. ಹಿಡಿದಾಗ ಹಿಡಿದೆ ಅನ್ನು. ನಾನು ಬಿಡು ಅನ್ನೋವರೆಗೂ ಬಿಡಬೇಡ."

ಶುಯಿಮು ಎಡಗಾಲಿಯ ಹಿಂದೆ ಮಲಗಿದ. ಒಂದು, ಎರಡು, ಮೂರು ಎಂದು ಅ-ಮಾನಳ ಲಯದಲ್ಲಿ ಎಣಿಸಿ ತಿರುಪು ಸಡಿಲಿಸಿದ. ಯುಲಾನಳ ಕಾಲು ಇನ್ನೂ ಎರಡನೆಯದನ್ನು ಎತ್ತುತ್ತಿತ್ತು. ತಿರುಪಿನ ನಳಿಕೆಯ ತುದಿ ಮುಳುಗಿಸಿಟ್ಟ ಸೀಸೆಯಲ್ಲಿದ್ದ ಎಣ್ಣೆ ಹಿಂದಕ್ಕೆ ಎಳೆದುಕೊಂಡು ಹೋಯಿತು. ಇನ್ನೊಮ್ಮೆ ನಿಧಾನವಾಗಿ ಎಣಿಸಿದ. ಆಗಲೂ ತಪ್ಪಿತು, ಎಣ್ಣೆ ಚಿಮ್ಮಿ ಕೆನ್ನೆಗೆ ಹೊಡೆಯಿತು. ಮೂರನೆಯ ಸಲ ಅವನು ಕಾದ. ಬೇಕಾದಷ್ಟು ಕಾದ. ಏನಾದರೂ ಒಂದು ಸದ್ದು, ಒಂದು ಚೂರು, ಬಂದೀತೆಂದು ಉಸಿರು ಬಿಗಿ ಹಿಡಿದು ಮಲಗಿದ್ದ.

ಆಮೇಲೆ ಯುಲಾನಳೇ ಹೇಳಿದ್ದು: ಅವಳು ಹಿಡಿದೆ, ಹಿಡಿದೆ ಎಂದು ಏಳು ಸಲ ಹೇಳಿದ್ದಳು. ತೊಡೆ ನಡುಗತೊಡಗಿದಾಗ ಸುಮ್ಮನಾಗಿ, ಕಾಲು ತೆಗೆಯದೆ, ಮಾಮೂಲಿ ದನಿಯಲ್ಲಿ, "ಶುಯಿಮು ಅಣ್ಣಾ, ನಿನ್ನ ಹೆಂಡ್ತಿ ಈರುಳ್ಳಿ ಸಾಹುಕಾರನ ಜೊತೆ ಓಡಿಹೋದ್ಲು," ಎಂದಿದ್ದಳು. ಹಿಂದಿನಿಂದ ಉತ್ತರವಿಲ್ಲ.

ಶುಯಿಮುವಿಗೆ ಕಂಡದ್ದು ಇಷ್ಟೇ. ಅವನ ಮುಖದ ಮುಂದೆ ಎರಡು ಬಟ್ಟೆ ಷೂಗಳು ಬಂದು ನಿಂತವು. ಆಮೇಲೆ ಮೊಣಕಾಲುಗಳು ಬಂದವು. ಆಮೇಲೆ ಯುಲಾನಳ ಮುಖ, ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ.

"ಯಾವಾಗಿನಿಂದ?" ಎಂದಳು.

"ಏನು ಯಾವಾಗಿನಿಂದ? ಈ ಹಾಳು ಗಾಳಿ, ಏನೂ—"

"ಗಾಳಿ ಹೊರಗಿದೆ ಅಣ್ಣಾ. ಬಾಗಿಲು ಹಾಕಿದೆ."

ಶುಯಿಮು ಬಾಗಿಲ ಕಡೆ ನೋಡಿದ. ಹಾಕಿತ್ತು. ಯಾವಾಗ ಹಾಕಿದಳೋ. ಅವನು ಎದ್ದು ಕೂತು, ಕೆನ್ನೆಯ ಎಣ್ಣೆಯನ್ನು ಚಿಂದಿಯಲ್ಲಿ ಒರೆಸಿಕೊಂಡ. ಒರೆಸುವುದೇನೂ ಉಳಿಯದ ಮೇಲೂ ಒರೆಸುತ್ತಲೇ ಇದ್ದ.

"ಮೂರು ವರ್ಷ ಆಯ್ತು," ಎಂದ ಕೊನೆಗೆ. "ಮೊದಲು ಬಲಗಿವಿ, ಆಮೇಲೆ ಎಡದ್ದು. ನೀನು ಯಾರಿಗೂ ಹೇಳಬೇಡ."

"ನಾನು ಯಾರಿಗೂ ಹೇಳಲ್ಲ. ಮೂವತ್ತೈದು ವರ್ಷ ಊರೋರ ಹೊಟ್ಟೆ ಒಳಗಿನ ಗುಟ್ಟೆಲ್ಲ ಇಟ್ಕೊಂಡಿದೀನಿ, ನಿನ್ನ ಕಿವಿಯೊಳಗಿಂದು ಎಷ್ಟು ದೊಡ್ಡದು? ಆದ್ರೆ ನಾಡಿದ್ದು ನಾನು ಇದೇ ಗಾಡೀಲಿ ಘಾಟಿ ಇಳೀಬೇಕು. ಅದಕ್ಕೇನು ಮಾಡ್ತೀಯ?"

"ಅ-ಮಾನ್ ಬರ್ಲಿ. ಸಾಯಂಕಾಲ ಮಾಡ್ತೀನಿ."

ಯುಲಾನ್ ಸೊಂಟದ ಮೇಲೆ ಕೈಯಿಟ್ಟು ಕಾರಿನ ಹಿಂಭಾಗವನ್ನು ನೋಡುತ್ತ ನಿಂತಳು. ಆಮೇಲೆ ಬೆರಳಿನಿಂದ ಅವನ ಹೆಗಲು ತಟ್ಟಿ, ಕೆಂಪು ದೀಪ ತೋರಿಸಿದಳು.

"ಬ್ರೇಕ್ ತುಳಿದ್ರೆ ಇದು ಹತ್ತಿಕೊಳ್ತದೆ ಅಲ್ವಾ?"

ಶುಯಿಮು ಆ ದೀಪವನ್ನೇ ನೋಡಿದ. ಐವತ್ತು ವರ್ಷದಿಂದ ಅವನು ಆ ದೀಪಗಳ ಕೆಳಗೇ ಮಲಗಿ ಕೆಲಸ ಮಾಡಿದ್ದ. ಎಷ್ಟೋ ದೀಪಗಳ ಬಲ್ಬು ಬದಲಿಸಿದ್ದ. ಒಮ್ಮೆಯೂ ಈ ಉಪಾಯ ಅವನಿಗೆ ಹೊಳೆದಿರಲಿಲ್ಲ.

"ನಿನ್ನ ತಲೆ ನನಗಿದ್ದಿದ್ರೆ ಡಾಕ್ಟರೇ ಆಗ್ತಿದ್ದೆ," ಎಂದ.

"ನನ್ನ ತಲೆ ಇದ್ದೂ ನಾನೇ ಆಗ್ಲಿಲ್ಲ. ಮಲಕ್ಕೋ. ಹೊತ್ತಿಕೊಂಡೇ ಇದ್ರೆ ಹಿಡಿದೀನಿ ಅಂತ ತಿಳ್ಕೋ."

ದೀಪ ಎರಡು ಸಲ ಮಿನುಗಿ, ಮೂರನೆಯದಕ್ಕೆ ಹತ್ತಿಕೊಂಡೇ ನಿಂತಿತು. ಶುಯಿಮು ತಿರುಪು ಸಡಿಲಿಸಿದ. ಗುಳ್ಳೆಗಳು ಸಾಲುಸಾಲಾಗಿ ಸೀಸೆಗೆ ಬಂದವು. ತಿರುಪು ಬಿಗಿಮಾಡಿ ಕಾರಿನ ತಗಡನ್ನು ಒಮ್ಮೆ ತಟ್ಟಿದರೆ ಅವಳು ಕಾಲೆತ್ತುತ್ತಿದ್ದಳು. ಅರ್ಧ ಗಂಟೆಯಲ್ಲಿ ಎರಡೂ ಕಡೆ ಗುಳ್ಳೆ ಬರುವುದು ನಿಂತು, ತಿಳಿ ಎಣ್ಣೆ ಮಾತ್ರ ಬಂತು.

ಗಾಲಿ ಹಾಕಿ ರಸ್ತೆಗಿಳಿದರು. ಯುಲಾನ್ ಎರಡು ಮೂರು ಕಡೆ ಗಟ್ಟಿಯಾಗಿ ಬ್ರೇಕು ತುಳಿದು ನೋಡಿದಳು. ಕಾರು ದಾರದಲ್ಲಿ ಎಳೆದಂತೆ ನೆಟ್ಟಗೆ ನಿಂತಿತು. ಶುಯಿಮುವಿಗೆ ಎದೆ ಹಗುರಾಯಿತು. ಆದರೆ ಯುಲಾನ್ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಹಿಂದೆ ತಿರುಗಿದಳು.

"ಗೊಣಗೋನು ಇನ್ನೂ ಗೊಣಗ್ತಾ ಇದಾನೆ ಅಣ್ಣಾ."

ಎಡಗಡೆ ಎಂದು ಹೇಳಿದ್ದು, ಒಂದೇ ಸಾಕೆಂದು ಹೇಳಿದ್ದು, ಹೆಂಡತಿ ನೋಡಿದ ನೋಟ, ಎಲ್ಲವೂ ಶುಯಿಮುವಿಗೆ ಒಟ್ಟಿಗೆ ನೆನಪಾಯಿತು. ಕಿವಿ ಹೋದದ್ದಕ್ಕಿಂತ, ಕಿವಿ ಇದ್ದವನಂತೆ ಹೇಳಿದ ಸುಳ್ಳು ಈಗ ದೊಡ್ಡದಾಗಿ ಕಂಡಿತು. ಕೆಟ್ಟದ್ದು ಬಲಗಡೆಯ ಬೇರಿಂಗೇ ಆಗಿದ್ದು, ಅದು ಘಾಟಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರೆ?

"ವಾಪಸ್ ನಡಿ," ಎಂದ.

ಅಂಗಡಿಯಲ್ಲಿ ಅವನು ಮತ್ತೆ ಹಿಂಭಾಗವನ್ನೆತ್ತಿ ಕುದುರೆಗಳ ಮೇಲಿಟ್ಟ. ಎರಡು ಸಲ ಅಲುಗಾಡಿಸಿ ನೋಡಿ, ಮುಂದಿನ ಗಾಲಿಗಳಿಗೆ ಮರದ ತುಂಡು ಕೊಟ್ಟ. ಗೋಡೆಯ ಮೇಲಿನಿಂದ ಒಂದು ಮೊಳದುದ್ದದ ತಿರುಪುಳಿ, ಸ್ಕ್ರೂಡ್ರೈವರು, ತೆಗೆದ. ಅದರ ಹಿಡಿ ಮರದ್ದು. ಕೆಲಸ ಕಲಿಯುವ ಕಾಲದಲ್ಲಿ ಅವನ ಯಜಮಾನ ಸುತ್ತ ಗಲಾಟೆಯಿದ್ದಾಗ ತಿರುಪುಳಿಯ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಎಂಜಿನ್ನಿಗೆ ಮುಟ್ಟಿಸಿ ಕೇಳುತ್ತಿದ್ದ. ತನಗೆ ಅಂಥ ಊರುಗೋಲು ಬೇಡವೆಂದು ಶುಯಿಮು ಆಗಲೇ ಬಿಟ್ಟಿದ್ದ.

"ಮೂರನೇ ಗೇರಿಗೆ ಹಾಕಿ ನಿಧಾನ ಓಡಿಸು. ಏನೇ ಆದ್ರೂ ಇಳೀಬೇಡ."

ಹಿಂದಿನ ಗಾಲಿಗಳು ನೆಲ ಮುಟ್ಟದೆ ತಿರುಗತೊಡಗಿದವು. ಅವನು ಗಾಲಿಯಿಂದ ದೂರ ಸರಿದು ಮಲಗಿ, ಎಡಗಡೆಯ ಅಚ್ಚಿನ ತುದಿಗೆ ತಿರುಪುಳಿ ಮುಟ್ಟಿಸಿ, ಹಿಡಿಯನ್ನು ಬಾಚಿಹಲ್ಲಿನಲ್ಲಿ ಕಚ್ಚಿದ.

ಕೇಳಿಸಿತು.

ಮೊದಲು ಅದು ಸದ್ದೆಂದೇ ಅವನಿಗೆ ತಿಳಿಯಲಿಲ್ಲ. ತಲೆಬುರುಡೆಯೊಳಗೇ ಯಾರೋ ರೇಷ್ಮೆ ಎಳೆದಂತೆ, ಸಣ್ಣಗೆ, ಒಂದೇ ಸಮನಾಗಿ. ಹೊಸ ಬೇರಿಂಗಿನ ಸದ್ದು. ಅದರ ಹಿಂದೆ, ದೂರದಲ್ಲಿ, ಹಲ್ಲುಚಕ್ರಗಳು ಒಂದನ್ನೊಂದು ಕಚ್ಚಿ ಬಿಡುವ ಸದ್ದು. ಅದಕ್ಕೂ ಹಿಂದೆ ಎಂಜಿನ್ನು, ನಾಲ್ಕು ಸಿಲಿಂಡರುಗಳು, ಮೂರನೆಯದು ತುಸು ತಡ. ಮೂರು ವರ್ಷದಿಂದ ಅವನು ಗಾಜಿನ ಆಚೆಯಿಂದ ನೋಡುತ್ತಿದ್ದ ಲೋಕ ಒಂದು ಮರದ ಹಿಡಿಯ ಮೂಲಕ ಒಳಗೆ ಬಂದಿತ್ತು. ಕೇಳಬೇಕಾದ್ದನ್ನು ಕೇಳಿ ಮುಗಿದ ಮೇಲೂ ಅವನು ಅಲ್ಲಿಂದ ಅಲುಗಲಿಲ್ಲ.

ಕೊನೆಗೆ ಎದ್ದು ಬಲಗಡೆಗೆ ಹೋಗಿ ಮಲಗಿದ. ತಿರುಪುಳಿ ಮುಟ್ಟಿಸುತ್ತಲೇ ಗೊತ್ತಾಯಿತು: ಬೀಸುಕಲ್ಲಿನಲ್ಲಿ ಹೆಸರುಕಾಳಿನ ಜೊತೆ ಮರಳು ಬಿದ್ದಂಥ ಗರಗರ. ಕೈಗೆ ನುಣ್ಣಗೆ ತಿರುಗಿ ಮೋಸ ಮಾಡಿದ್ದು ಓಟದಲ್ಲಿ ಬಾಯಿಬಿಟ್ಟಿತ್ತು.

ಎಂಜಿನ್ನು ನಿಲ್ಲಿಸಿ ಇಳಿದು ಬಂದ ಯುಲಾನ್, ಅವನ ಕಣ್ಣು ಒದ್ದೆಯಾಗಿರುವುದನ್ನು ಕಂಡೂ ಕಾಣದವಳಂತೆ ಒಂದು ಸ್ಟೂಲು ಎಳೆದು ಎದುರಿಗೆ ಕೂತಳು.

"ಬಲಗಡೆ," ಎಂದ ಶುಯಿಮು. "ನಾನು ತಪ್ಪು ಹೇಳಿದ್ದೆ."

"ಹಲ್ಲಿಂದ ಕೇಳಿಸ್ತಾ ನಿನಗೆ?"

"ಚೆನ್ನಾಗಿ ಕೇಳಿಸ್ತು. ಹಿಂದೆ ಕೇಳಿಸ್ತಿದ್ದ ಹಾಗೇ."

ಅವಳು ಅವನ ತಪಾಸಣೆ ದೀಪವನ್ನೇ ತೆಗೆದುಕೊಂಡು, ಗದ್ದ ಹಿಡಿದು ತಲೆ ವಾಲಿಸಿ ಎರಡೂ ಕಿವಿಯೊಳಗೆ ನೋಡಿದಳು. ಅವನು ಸುಮ್ಮನೆ ಕೂತು ತೋರಿಸಿದ. ಆಮೇಲೆ ಅವನ ಮುಂದೆ ಬಂದು ನಿಧಾನವಾಗಿ, ಒಂದೊಂದೇ ಮಾತು ಹೇಳಿದಳು.

"ನಾನು ಕಿವಿ ಡಾಕ್ಟರಲ್ಲ. ಬಸುರಿ ಹೊಟ್ಟೆ ಮೇಲೆ ಮರದ ಕೊಳವೆ ಇಟ್ಟು ಮಗೂ ಎದೆಬಡಿತ ಕೇಳಿದೋಳು, ಅಷ್ಟೆ. ಆದ್ರೆ ಒಂದು ಹೇಳ್ತೀನಿ ಕೇಳು. ಮೂಳೆಯಿಂದ ಕೇಳಿಸ್ತಿದೆ ಅಂದ್ರೆ ಒಳಗಿನ ನರ ಇನ್ನೂ ಸತ್ತಿಲ್ಲ ಅಂತ. ನಡುವೆ ಎಲ್ಲೋ ಏನೋ ಸಿಕ್ಕಿಕೊಂಡಿದೆ. ಸಿಕ್ಕಿಕೊಂಡಿರೋದನ್ನ ಬಿಚ್ಚೋರು ಇರ್ತಾರೆ. ನೀನೇ ಒಬ್ಬ ಅಂಥವನು."

"ವಯಸ್ಸಾಯ್ತು, ಇನ್ನೇನು ಬಿಚ್ಚೋದು."

"ಈ ಗಾಡಿಗೂ ವಯಸ್ಸಾಯ್ತು. ನೀನು ಅದಕ್ಕೆ ಹಾಗೆ ಹೇಳಿದ್ಯಾ?"

ಸಂಜೆ ಅ-ಮಾನ್ ಈರುಳ್ಳಿಯ ವಾಸನೆ ಹೊತ್ತು ಮನೆಗೆ ಬಂದಳು. ಇಬ್ಬರೂ ಹೆಸರುಬೇಳೆಯ ಬಿಸಿ ಪಾಯಸ ಕುಡಿಯುತ್ತ ಕೂತರು. ಶುಯಿಮು ಬಟ್ಟಲನ್ನು ಕೆಳಗಿಟ್ಟು, ಬಾವಿಗೆ ಹಾರುವವನಂತೆ ಒಮ್ಮೆ ಉಸಿರೆಳೆದುಕೊಂಡ.

"ಒಂದು ಮಾತು. ನನಗೆ ಕಿವಿ ಕೇಳಿಸಲ್ಲ. ಮೂರು ವರ್ಷದಿಂದ."

ಅ-ಮಾನ್ ಚಮಚ ನೆಕ್ಕಿ ಮುಗಿಸಿದಳು.

"ಗೊತ್ತು."

"ಗೊತ್ತಾ?"

"ನೀನು ಅತ್ತ ತಿರುಗಿದಾಗಲೆಲ್ಲ ಬೈದು ಬೈದು ಮೂರು ವರ್ಷ ಸುಖ ಪಟ್ಟಿದೀನಿ. ಮದುವೆಯಾದಾಗಿನಿಂದ ಬಾಕಿ ಇದ್ದದ್ದೆಲ್ಲ ತೀರಿಸಿಕೊಂಡೆ."

ಶುಯಿಮು ಅವಳ ಮುಖವನ್ನೇ ನೋಡುತ್ತಿದ್ದ. ಅವಳು ನಗುತ್ತಿರಲಿಲ್ಲ. ಆಮೇಲೆ ಕೈಚಾಚಿ ಅವನ ಅಂಗಿಯ ತೋಳಿನ ಮೇಲೆ ಅಂಟಿದ ಗ್ರೀಸನ್ನು ಉಗುರಿನಿಂದ ಕೆರೆದಳು.

"ನೀನಾಗಿ ಹೇಳ್ಲಿ ಅಂತ ಕಾದೆ. ನಾನೇ ಹೇಳಿದ್ರೆ ನೀನು ಅಂಗಡಿ ಮುಚ್ಚಿ ಕೂತುಬಿಡ್ತೀಯೇನೋ ಅಂತ ಹೆದರಿಕೆ ಆಯ್ತು."

"ಗಾವ್‌ಶ್ಯೊಂಗ್‌ನಿಂದ ಇನ್ನೊಂದು ಬೇರಿಂಗ್ ತರಿಸಬೇಕು," ಎಂದ ಶುಯಿಮು.

"ನಿನ್ನೆಯೇ ಹೇಳಿದೀನಿ. ನೀನು ಕೈ ತೊಳೆಯೋಕೆ ಹೋದಾಗ. ನಾಳೆ ಮೊದಲ ಬಸ್ಸಿಗೆ ಬರ್ತದೆ."

ಬಂತು. ಶುಕ್ರವಾರ ಬಲಗಡೆಯ ಕಂಬಿಯನ್ನೂ ಎಳೆದ. ಹಳೆಯ ಬೇರಿಂಗನ್ನು ಒಡೆದು ನೋಡಿದರೆ ಗುಂಡುಗಳು ಓಡುವ ದಾರಿಯಲ್ಲಿ ಹೆಬ್ಬೆಟ್ಟಿನುಗುರಿನಷ್ಟು ಉಕ್ಕು ಚಕ್ಕೆಯೆದ್ದಿತ್ತು. ಆ ಚಕ್ಕೆಯನ್ನು ಯುಲಾನಳಿಗೆ ತೋರಿಸಲು ಬೆಂಕಿಪೊಟ್ಟಣದಲ್ಲಿ ಎತ್ತಿಟ್ಟ. ಹೊಸದು ಕೂತ ಮೇಲೆ ಅ-ಮಾನ್ ಕಾರಿನೊಳಗೆ ಕೂತು ಗಾಲಿ ಓಡಿಸಿದಳು. ಅವನು ತಿರುಪುಳಿ ಕಚ್ಚಿ ಮಲಗಿ ಎರಡೂ ಕಡೆ ರೇಷ್ಮೆಯ ಸದ್ದು ಕೇಳಿದ.

ಶನಿವಾರ ಕಾರು ಒಯ್ಯಲು ಬಂದ ಯುಲಾನ್ ಮುಂದಿನ ಬಾಗಿಲು ತೆರೆದು ನಿಂತಳು.

"ಹತ್ತು. ಅಡುಗೆ ಮಾಡಿದೋನೇ ಮೊದಲ ತುತ್ತು ತಿನ್ನಬೇಕು."

ಫಂಗ್‌ಗಾಂಗ್ ದಾಟಿ ಘಾಟಿ ಹತ್ತಿದರು. ಶೌಕಾದ ನೆತ್ತಿಯಲ್ಲಿ ಮಂಜಿತ್ತು. ಇಳಿಜಾರಿನಲ್ಲಿ ತಿರುವಿಗೊಮ್ಮೆ ಯುಲಾನ್ ಬ್ರೇಕು ತುಳಿಯುತ್ತಿದ್ದಳು. ಪ್ರತಿ ಸಲವೂ ಶುಯಿಮು ಅಂಗಾಲಿನಲ್ಲಿ ಹಿಂದಿನ ಎರಡೂ ಗಾಲಿಗಳು ಒಟ್ಟಿಗೆ ಹಿಡಿಯುವುದನ್ನು ಗಮನಿಸುತ್ತಿದ್ದ. ಏಳೆಂಟು ತಿರುವಾದ ಮೇಲೆ ಗಮನಿಸುವುದನ್ನು ಬಿಟ್ಟು ಕಿಟಕಿಯ ಹೊರಗೆ ನೋಡಿದ. ಕೆಳಗೆ ಪೂರ್ವದ ಸಮುದ್ರ ಬಿಸಿಲಿಗೆ ತಗಡಿನಂತೆ ಹೊಳೆಯುತ್ತಿತ್ತು. ದಾರನ್‌ನ ಮೇಲಿನ ಹಳ್ಳಿಯಲ್ಲಿ ಮುದುಕಿಯರು ಜಗಲಿಯ ಮೇಲೆ ಆಗಲೇ ಎಲೆಯಡಿಕೆ ಜಗಿಯುತ್ತ ಕೂತಿದ್ದರು. ಅವರಲ್ಲಿ ಎಲ್ಲರಿಗಿಂತ ಹಿರಿಯಳು ಶುಯಿಮುವನ್ನು ಅಡಿಯಿಂದ ಮುಡಿಯವರೆಗೆ ನೋಡಿ ಯುಲಾನಳಿಗೆ ಏನೋ ಹೇಳಿದಳು. ಉಳಿದವರೆಲ್ಲ ಕೆಂಪು ಹಲ್ಲು ಬಿಟ್ಟು ನಕ್ಕರು.

"ಏನಂದ್ಲು?" ಎಂದು ಶುಯಿಮು ಕೇಳಿದ. ತಿಳಿಯದ್ದನ್ನು ತಿಳಿದವನಂತೆ ತಲೆಯಾಡಿಸದೆ ಕೇಳಿದ್ದು ಎಷ್ಟು ಕಾಲದ ಮೇಲೋ.

ಯುಲಾನ್ ಮುಖ ತಿರುಗಿಸಿ ಹೇಳಿದಳು. "ಕೊನೆಗೂ ಒಬ್ಬ ಗಂಡನ್ನ ಹಿಡಿದು ತಂದ್ಯಾ, ಆದ್ರೆ ಇನ್ನೂ ಸ್ವಲ್ಪ ಎಳೇದು ಸಿಗ್ಲಿಲ್ವಾ ಅಂತ."

ಮಾರ್ಚಿನಲ್ಲಿ ಅ-ಮಾನ್ ಅವನನ್ನು ಗಾವ್‌ಶ್ಯೊಂಗ್‌ಗೆ ಕರೆದುಕೊಂಡು ಹೋದಳು. ಎಡಗಿವಿಯೊಳಗಿನ ಅಕ್ಕಿಕಾಳಿನಷ್ಟು ಸಣ್ಣ ಮೂಳೆಯೊಂದು ಬಿಗಿದುಕೊಂಡು ಅಲುಗಾಡುತ್ತಿಲ್ಲ ಎಂದು ವೈದ್ಯರು ಚಿತ್ರ ಬರೆದು ತೋರಿಸಿದರು. ಶುಯಿಮು ಆ ಚಿತ್ರವನ್ನು ಬಹಳ ಹೊತ್ತು ನೋಡಿ, ಅದನ್ನು ತೆಗೆದು ಹೊಸದು ಕೂರಿಸುವ ಸಲಕರಣೆ ಹೇಗಿರುತ್ತದೆ ಎಂದು ಕೇಳಿದ. ಅವರು ನಗುತ್ತ ಅದನ್ನೂ ಬರೆದು ತೋರಿಸಿದರು. ಶಸ್ತ್ರಚಿಕಿತ್ಸೆಯ ಮೇಲೆ ಎಡಗಿವಿ ಮುಕ್ಕಾಲು ಪಾಲು ಹಿಂದಿರುಗಿತು. ಬಲಗಿವಿ ಅಷ್ಟಾಗಿ ಸುಧಾರಿಸಲಿಲ್ಲ. ಅದಕ್ಕೊಂದು ಯಂತ್ರ ಕೊಟ್ಟರು. ಕೆಲಸ ಮಾಡುವಾಗ ಅದು ಶಿಳ್ಳೆ ಹಾಕುತ್ತದೆಂದು ಅವನು ಹೆಚ್ಚಾಗಿ ಅಂಗಿಯ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದ.

ಬೆಟ್ಟದ ಗಾಳಿ ನಿಂತ ಮೇಲೆ, ಮೇ ತಿಂಗಳಲ್ಲಿ, ಬೇರೂರಿನ ಲಾರಿಯವನೊಬ್ಬ ಅಂಗಡಿಯ ಮುಂದೆ ನಿಲ್ಲಿಸಿ, ಇಳಿಯದೆಯೇ ಕಿಟಕಿಯಿಂದ ಏನೋ ಕೂಗಿ ಹೇಳಿದ. ಎಂಜಿನ್ನು ಓಡುತ್ತಲೇ ಇತ್ತು. ಶುಯಿಮು ಚಹಾದ ಬಟ್ಟಲು ಕೆಳಗಿಟ್ಟು, ರಸ್ತೆಯಂಚಿಗೆ ನಡೆದು ಹೋಗಿ, ಎಂಜಿನ್ನು ನಿಲ್ಲಿಸು ಎಂದು ಕೈಸನ್ನೆ ಮಾಡಿದ.

"ನನಗೆ ಕಿವಿ ಮಂದ ಕಣಪ್ಪ," ಎಂದು ಎಡಗಿವಿ ಮುಟ್ಟಿ ತೋರಿಸಿದ. "ಇಳಿದು ಈ ಕಡೆ ಬಂದು ಹೇಳು."

ಲಾರಿಯವನು ಇಳಿದು, ಎಡಗಡೆಗೆ ಬಂದು ನಿಂತು, ಮೊದಲಿನಿಂದ ಹೇಳತೊಡಗಿದ.